ಹುಬ್ಬಿನ ಉತ್ತರ

ತರಾವಾ ದ್ವೀಪದ ಬೈರಿಕಿಯಲ್ಲಿರುವ ದಾಖಲೆ ಕಚೇರಿಯಲ್ಲಿ ಅಕೆನೆಟೆಯ ಕೆಲಸ ಕೇಳುವುದು. ನ್ಯಾಯಾಲಯದಲ್ಲೋ ವಿಚಾರಣೆಯಲ್ಲೋ ಜನ ಆಡಿದ ಮಾತು ರೆಕಾರ್ಡರಿನಲ್ಲಿ ಬರುತ್ತದೆ. ಟೈಪಿಸ್ಟರು ಅದನ್ನು ಹಾಳೆಗೆ ಇಳಿಸುತ್ತಾರೆ. ಆ ಹಾಳೆಯನ್ನು ಮುಂದಿಟ್ಟುಕೊಂಡು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕೇಳಿದ್ದೂ ಬರೆದದ್ದೂ ಒಂದೇ ಹೌದೇ ಎಂದು ಅವಳು ತೀರ್ಪು ಕೊಡಬೇಕು. ಕಡಲಾಚೆಯ ಸುವಾದಲ್ಲಿ ಓದಿ, ಬಹಳ ವರ್ಷ ಶಾಲೆಯಲ್ಲಿ ಪಾಠ ಹೇಳಿ ಈ ಕುರ್ಚಿಗೆ ಬಂದವಳು. ಅವಳ ಕೈಯಿಂದ ವಾಪಸು ಬರದ ಹಾಳೆಯನ್ನು ಟೈಪಿಸ್ಟರು ಹಬ್ಬದ ಊಟದಂತೆ ನೆನೆಸಿಕೊಳ್ಳುತ್ತಿದ್ದರು.

ಅಂದವಾದ ಹಾಳೆಯ ಮೇಲೆ ಅವಳಿಗೆ ನಂಬಿಕೆಯಿಲ್ಲ. ನಮ್ಮ ಸಭಾಮನೆಗಳಿಗೆ ಗೋಡೆಯಿಲ್ಲ. ಗಾಳಿ, ಕೋಳಿ, ಮಕ್ಕಳು, ಜನರೇಟರು ಎಲ್ಲವೂ ಸಾಕ್ಷಿ ಹೇಳುತ್ತವೆ. ಅಂಥ ಕಡೆಯ ದಾಖಲೆಯಲ್ಲಿ 'ಕೇಳಿಸಲಿಲ್ಲ' ಎಂಬ ಗುರುತು ಒಂದೂ ಇಲ್ಲವೆಂದರೆ ಟೈಪಿಸ್ಟ್ ಊಹಿಸಿ ಬರೆದಿದ್ದಾನೆ ಎಂದೇ ಅರ್ಥ. ಮುದುಕರು ಮಾತಿಗೆ ಮೊದಲು ಸಭೆಗೆ ಹೇಳುವ ಉದ್ದನೆಯ ವಂದನೆಯನ್ನು ಯಾರಾದರೂ ಬೇಸರಪಟ್ಟು ಬಿಟ್ಟಿದ್ದರೆ ಹಾಳೆ ತಿರುಗಿ ಹೋಗುತ್ತಿತ್ತು. ಪ್ರತಿ ವಂಶಕ್ಕೂ ಸಭಾಮನೆಯಲ್ಲಿ ತನ್ನದೇ ಜಾಗ ಇರುವುದರಿಂದ, ದನಿ ಕಡಲ ಕಡೆಯಿಂದ ಬಂತೋ ಹಿನ್ನೀರಿನ ಕಡೆಯಿಂದಲೋ ಎಂಬುದರ ಮೇಲೆ ಮಾತಾಡಿದವರು ಯಾರೆಂದು ಅವಳು ಹೇಳಬಲ್ಲವಳಾಗಿದ್ದಳು. ಅವಳ ನಿಯಮ ಒಂದೇ: ಕಿವಿಗೆ ಬಿದ್ದದ್ದನ್ನು ಬರೆ, ಬೀಳದ್ದನ್ನು ಬರೆಯಬೇಡ.

ಪಕ್ಕದ ಅಬೈಯಾಂಗ್ ದ್ವೀಪದಿಂದ ತರಾವಾಕ್ಕೆ ಹೊರಟ ದೋಣಿಯೊಂದು ನಡುಗಡಲಲ್ಲಿ ಎಂಜಿನ್ ಕೆಟ್ಟು ತೇಲಿಹೋಯಿತು. ಮೀನಿನ ಹಡಗೊಂದಕ್ಕೆ ಅದು ಸಿಕ್ಕಾಗ ಅದರಲ್ಲಿ ಉಸಿರಿದ್ದವರು ಕೆಲವರೇ. ದೋಣಿ ನಡೆಸಿದ ಕಬುರಾ ಆ ಕೆಲವರಲ್ಲಿ ಇರಲಿಲ್ಲ. ಕಬುರಾ ಅಕೆನೆಟೆಯ ಅಕ್ಕ ತರಾತೆಯ ಒಬ್ಬನೇ ಮಗ.

ವಿಚಾರಣೆ ನಡೆಯಿತು. ಅಬೈಯಾಂಗಿನ ಸಭಾಮನೆಯಲ್ಲಿ ಪ್ರಶ್ನೆ ಕೇಳಿದವನು ಒಬ್ಬ ಕಿರಿಯ ವಕೀಲ; ವರದಿ ಬರೆಯುವ ಹಿರಿಯರು ಅಲ್ಲಿಗೆ ಹೋಗಲೇ ಇಲ್ಲ. ಅವರಿಗೆ ಹಾಳೆಯೇ ಕಣ್ಣು, ಹಾಳೆಯೇ ಕಿವಿ. ಆ ಹಾಳೆಗಳನ್ನು ನೋಡಲು ಕಚೇರಿಯಲ್ಲಿ ಅಕೆನೆಟೆಯ ಹೊರತು ಬೇರೆ ಯಾರೂ ಇರಲಿಲ್ಲ. "ಇದು ನನ್ನ ಮನೆಯ ವಿಷಯ, ಬೇರೆಯವರಿಗೆ ಕೊಡಿ" ಎಂದು ಅವಳು ಮೇಲಿನವರಿಗೆ ಹೇಳಿದಳು. "ಈ ದ್ವೀಪದಲ್ಲಿ ಯಾವುದು ಯಾರ ಮನೆಯ ವಿಷಯ ಅಲ್ಲ, ಹೇಳಿ" ಎಂದು ಅವರು ನಕ್ಕು ಹಾಳೆಗಳನ್ನು ಅವಳ ಕಡೆಗೇ ತಳ್ಳಿದರು.

ಎಂಜಿನ್ ರಿಪೇರಿ ಮಾಡುವ ಮುದುಕ ಉರಿಯಾಮನ ಸಾಕ್ಷ್ಯ. ವಕೀಲನ ಪ್ರಶ್ನೆ: "ಎಂಜಿನ್ ಸರಿಯಿಲ್ಲ ಅಂತ ಕಬುರಾಗೆ ಮೊದಲೇ ಹೇಳಿದ್ರಾ ಅಜ್ಜ?" ಹಾಳೆಯಲ್ಲಿ ಉತ್ತರ: "ಹೌದು."

ಹೆಡ್‌ಫೋನಿನಲ್ಲಿ 'ಹೌದು' ಇರಲಿಲ್ಲ. ತೆಂಗಿನ ಗರಿಗಳ ಸದ್ದು ಇತ್ತು, ಯಾರೋ ಕೆಮ್ಮಿದರು, ಆಮೇಲೆ ವಕೀಲನೇ ಮುಂದುವರಿದ: "ಅದಕ್ಕೆ ಅವನು ಏನು ಮಾಡಿದ?" "ದೋಣಿ ತಳ್ಳಿದ" ಎಂದಿತು ಮುದುಕನ ದನಿ. ಅವಳು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಕೇಳಿದಳು. ಅಷ್ಟೇ.

ಟೈಪು ಮಾಡಿದವನು ಬ್ವೆನಾವ. ಹಡಗಿನಲ್ಲಿ ಕಾಲು ಮುರಿದುಕೊಂಡು ಈ ಕೆಲಸಕ್ಕೆ ಸೇರಿದವನು. ಶಾಲೆಯಲ್ಲಿ ಅವಳ ಕೈಯಲ್ಲೇ ಓದಿದ್ದ.

"ಈ 'ಹೌದು' ಎಲ್ಲಿಂದ ಬಂತು?"

"ಅಜ್ಜ ಹುಬ್ಬು ಎತ್ತಿದ ಟೀಚರ್. ರೆಕಾರ್ಡರ್ ಹಿಡ್ಕೊಂಡು ಎದುರಿಗೇ ಕೂತಿದ್ದೆ. ಅಷ್ಟು ದೊಡ್ಡ ಹುಬ್ಬು, ಆಚೆ ದಡದಿಂದಲೂ ಕಾಣತ್ತೆ."

"ರೆಕಾರ್ಡರಿನಲ್ಲಿ ಹುಬ್ಬು ಇಲ್ಲ."

"ನಮ್ಮ ಜನ ಹೌದು ಅನ್ನೋದೇ ಹಾಗಲ್ವಾ? ನೀವೂ ಹಾಗೇ ಅಂತೀರಿ. ಈಗ ತಾನೆ ಟೀ ಬೇಕಾ ಅಂತ ಕೇಳಿದೆ, ಬಾಯಿ ತೆಗೆದ್ರಾ?"

"ನನ್ನ ಟೀ ದಾಖಲೆಗೆ ಹೋಗಲ್ಲ ಬ್ವೆನಾವ."

"ಬೇರೆ ಯಾರದ್ದಾದರೂ ಮಗ ಆಗಿದ್ರೂ ಈ ಮಾತನ್ನ ಹೊಡೆದುಹಾಕ್ತಿದ್ರಾ ಟೀಚರ್?"

ಹೊಡೆಯುತ್ತಿದ್ದಳು. ಎಷ್ಟೋ ಸಲ ಹೊಡೆದಿದ್ದಳು. ಆದರೂ ಆ ಮಾತು ಅವಳೊಳಗೆ ಮೀನಿನ ಮುಳ್ಳಿನಂತೆ ನಿಂತಿತು. ಅವಳು 'ಹೌದು' ಎಂಬುದಕ್ಕೆ ಗೆರೆ ಎಳೆದಳು. 'ಕೇಳಿಸಲಿಲ್ಲ' ಎನ್ನಲು ಅಲ್ಲಿ ದನಿಯೇ ಇರಲಿಲ್ಲ; 'ಉತ್ತರವಿಲ್ಲ' ಎಂದು ಬರೆಯಲು ಕೈ ಬರಲಿಲ್ಲ. ಉತ್ತರ ಸಿಗದಿದ್ದರೆ ವಕೀಲ ಅದನ್ನೇ ಇನ್ನೊಮ್ಮೆ ಕೇಳುತ್ತಿದ್ದ. ಅವನು ಮುಂದಿನ ಪ್ರಶ್ನೆಗೆ ಹೋಗಿದ್ದಾನೆ. ಉತ್ತರ ಇತ್ತು. ಇಲ್ಲವೆಂದು ಬರೆದರೆ ಅದೂ ಕೇಳದ್ದನ್ನು ಬರೆದಂತೆಯೇ. ಆ ಜಾಗ ಖಾಲಿಯಿಟ್ಟು ಹಾಳೆಯನ್ನು ಮುಚ್ಚಿದಳು.

ಆ ಸಂಜೆ ತರಾತೆ ಬಂದಳು. ಸಣ್ಣ ದ್ವೀಪ, ಹಾಳೆಯಲ್ಲಿ ಏನಿದೆ ಎಂಬುದು ಹಾಳೆಗಿಂತ ಮೊದಲೇ ಮನೆ ಮುಟ್ಟಿತ್ತು. ತಂಗಿ ಹಾಸಿದ ಚಾಪೆಯ ಅಂಚಿನಲ್ಲಿ ಕುಳಿತು, ಕೊಟ್ಟ ತೆಂಗಿನ ಸಿಹಿಗಳ್ಳಿನ ಪಾನಕವನ್ನು ಮುಟ್ಟದೆ, "ನಾನು ಬುಬುಸಿ ಕೇಳೋಕೆ ಬಂದಿದ್ದೇನೆ" ಎಂದಳು.

ಬುಬುಸಿ ಎಂದರೆ ಬರಿಯ ಕೇಳಿಕೆಯಲ್ಲ. ರಕ್ತಸಂಬಂಧದವರು ಬಾಯಿಬಿಟ್ಟು ಆ ಹೆಸರು ಹೇಳಿ ಕೇಳಿದರೆ, ಉಟ್ಟ ಬಟ್ಟೆಯನ್ನಾದರೂ ಬಿಚ್ಚಿ ಕೊಡಬೇಕು. ಇಲ್ಲ ಅಂದವರ ಮನೆಯ ಹೆಸರು ಸಾಯುತ್ತದೆ.

"ಆ ಮಾತನ್ನ ಹೊಡೆದುಹಾಕು. ನನ್ನ ಮಗ ಗೊತ್ತಿದ್ದೂ ಜನರನ್ನ ಕಡಲಿಗೆ ಹಾಕಿದ ಅಂತ ಬರೀಬೇಡ. ಸತ್ತವರ ಮನೆಯವರು ನನ್ನ ಪಕ್ಕದಲ್ಲೇ ಪ್ರಾರ್ಥನೆಗೆ ಕೂರ್ತಾರೆ ಅಕೆನೆಟೆ."

"ಹೊಡೆದಾಗಿದೆ ಅಕ್ಕ."

ತರಾತೆಯ ಭುಜ ಇಳಿಯಿತು.

"ನೀನು ಕೇಳಿದೆ ಅಂತ ಅಲ್ಲ. ನೀನು ಬರೋ ಮೊದಲೇ ಹೊಡೆದೆ. ಅದು ಕೇಳಿಸಲಿಲ್ಲ, ಅದಕ್ಕೆ. ಆದರೆ ಅಲ್ಲಿ ಉತ್ತರ ಇತ್ತು. ಉರಿಯಾಮಜ್ಜನನ್ನ ಮತ್ತೆ ಕೂರಿಸಿ, ಬಾಯಿಂದ ಹೇಳಿಸಬೇಕು ಅಂತ ನಾಳೆ ಬರೆದು ಕಳಿಸ್ತೇನೆ."

"ಯಾಕೆ?" ತರಾತೆ ಬಹಳ ಮೆಲ್ಲಗೆ ಕೇಳಿದಳು. "ಖಾಲಿ ಇದ್ದರೆ ಯಾರಿಗೆ ನಷ್ಟ?"

"ನನ್ನ ಕಣ್ಣಿಗೆ ಕಂಡ ಖಾಲಿ ಅದು. ಕಬುರಾನದು ಅಂತ ಬಿಟ್ಟರೆ, ಇಷ್ಟು ವರ್ಷ ನಾನು ಹಿಂದಕ್ಕೆ ಕಳಿಸಿದ ಹಾಳೆಗಳೆಲ್ಲ ಬರೀ ಜಂಬ ಆಯ್ತು."

"ನಾನು ಕೇಳಿದ್ದನ್ನ ಕೊಟ್ಟ ಹಾಗೂ ಅಲ್ಲ, ಇಲ್ಲ ಅಂದ ಹಾಗೂ ಅಲ್ಲ. ನೀನು ಓದಿದ್ದು ಇದಕ್ಕೇನಾ?"

"ಇಲ್ಲ ಅಂದೆ ಅಂತಲೇ ತಿಳ್ಕೋ ಅಕ್ಕ. ಸುತ್ತಿ ಬಳಸಿ ಹೇಳಲ್ಲ."

ತರಾತೆ ಎದ್ದು ಹೋದಳು. ಪಾನಕದಲ್ಲಿ ಇರುವೆ ಬಿದ್ದಿತು.

ಅಬೈಯಾಂಗಿಗೆ ಅಕೆನೆಟೆ ತಾನೇ ರೆಕಾರ್ಡರ್ ಹಿಡಿದು ಹೋದಳು. ವಕೀಲ ಅದೇ ಪ್ರಶ್ನೆ ಕೇಳಿದ. ಉರಿಯಾಮ ಹುಬ್ಬು ಎತ್ತಿದ.

"ಬಾಯಿಂದ ಹೇಳಿ ಅಜ್ಜ" ಎಂದ ವಕೀಲ.

"ಹೋದ ಸಲವೇ ಹೇಳಿದೆನಲ್ಲ. ನಿನ್ನ ಯಂತ್ರಕ್ಕೆ ಕಣ್ಣಿಲ್ಲದಿದ್ದರೆ ನನ್ನ ತಪ್ಪಾ?" ಸಭೆ ನಕ್ಕಿತು. ಮುದುಕ ನಗಲಿಲ್ಲ. ರೆಕಾರ್ಡರ್ ಹಿಡಿದ ಹೆಂಗಸು ಯಾರೆಂದು ಅವನಿಗೆ ಗೊತ್ತಿತ್ತು. ಅವಳ ಕಡೆ ನೋಡದೆ ಹೇಳಿದ: "ಹೇಳಿದ್ದೆ. ಎಂಜಿನ್ ಹೊಗೆ ಕಾರ್ತಾ ಇದೆ, ಇವತ್ತು ಬೇಡ ಅಂದೆ. 'ಸಾವಿನ ಮನೆಗೆ ಹೋಗೋ ಜನ ಅಜ್ಜ, ನಾಳೆ ಹೋದರೆ ಮುಖ ನೋಡೋಕೂ ಸಿಗಲ್ಲ' ಅಂದ. ದೋಣಿ ಹತ್ತಿದವರೂ ಬೇಡ ಅನ್ನಲಿಲ್ಲ. ದೋಣಿ ತಳ್ಳಿದ. ನಾನೂ ಒಂದು ಕೈ ಹಾಕಿದೆ."

ಬ್ವೆನಾವ ಅದನ್ನು ಟೈಪು ಮಾಡಿದ. ಅಕೆನೆಟೆ ಹೆಡ್‌ಫೋನ್ ಹಾಕಿ ಕೊನೆಯವರೆಗೂ ಕೇಳಿದಳು. ನಗು ಇತ್ತು, ಗಾಳಿ ಇತ್ತು, ಒಂದು ಕಡೆ 'ಕೇಳಿಸಲಿಲ್ಲ' ಎಂಬ ಗುರುತೂ ಇತ್ತು. ಅದು ಸರಿಯಾದ ಜಾಗದಲ್ಲೇ ಇತ್ತು. ಸಹಿ ಹಾಕಿದಳು.

ವರದಿಯು ತಪ್ಪನ್ನು ಕಬುರಾನ ಮೇಲೂ ಎಂಜಿನ್ ಬದಲಿಸದ ದೋಣಿಯ ಒಡೆಯನ ಮೇಲೂ ಹೊರಿಸಿತು. ಸತ್ತವರ ಮನೆಯವರು ತರಾತೆಯ ಪಕ್ಕದಲ್ಲಿ ಕೂರುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ಒಳ್ಳೆಯದಿತ್ತೇನೋ ಎಂದು ಅವಳು ಯಾರಿಗೋ ಹೇಳಿದ್ದುಂಟು.

ತಂಗಿಯ ಜೊತೆ ಅವಳು ಮಾತು ಬಿಡಲಿಲ್ಲ. ದಾರಿಯಲ್ಲಿ ಸಿಕ್ಕರೆ ನಿಂತು ಮಾತಾಡುತ್ತಾಳೆ, ಕಾಯಿಲೆಯೆಂದರೆ ಬಂದು ಕೂರುತ್ತಾಳೆ. ಆದರೆ ಅಂದಿನಿಂದ ಅಕೆನೆಟೆಯ ಹತ್ತಿರ ಏನನ್ನೂ ಕೇಳಿದ್ದಿಲ್ಲ. ಸಕ್ಕರೆ ಮುಗಿದರೆ ತಂಗಿಯ ಬಾಗಿಲ ಮುಂದೆಯೇ ಹಾದು ಆಚೆಯ ಮನೆಗೆ ಹೋಗುತ್ತಾಳೆ. ಅಕೆನೆಟೆಗೆ ಅವಳ ಚಪ್ಪಲಿಯ ಸದ್ದು ಕೇಳಿಸುತ್ತದೆ.