ಎರಡು ಸೀರೆ ಉದ್ದದ ಗೆರೆ

ಪ್ರಿನ್ಸಿಪಾಲ್ ಯಮುನಾಬಾಯಿಯವರಿಗೆ ಉದ್ಘಾಟನೆಯ ಚೆಂಡನ್ನು ಹೊಡೆಯುವುದು ಹೇಗೆಂದು ತೋರಿಸಲು ಹೋಗಿ ಪ್ರಾಣೇಶ ಹಾಕಿ ಸ್ಟಿಕ್ಕು ಬೀಸಿದ. ಚೆಂಡು ಕದಲಲಿಲ್ಲ. ಎಡಗಾಲಿನ ಚಪ್ಪಲಿ ಹಾರಿ ಗೋಲಿನತ್ತ ಹೋಯಿತು. ಗೋಲ್‌ಕೀಪರ್ ಹುಡುಗಿ ಅದನ್ನು ಶ್ರದ್ಧೆಯಿಂದ ತಡೆದದ್ದು ಆತನಿಗೆ ಇನ್ನಷ್ಟು ನಾಚಿಕೆ ತಂದಿತು.

ಆತ ಅರ್ಥಶಾಸ್ತ್ರದ ಮೇಷ್ಟ್ರು. ಸ್ಟಾಫ್ ಮೀಟಿಂಗಿನಲ್ಲಿ ತೂಕಡಿಸಿದ ತಪ್ಪಿಗೆ ಮಹಿಳಾ ಕಾಲೇಜಿನ ಹಾಕಿ ತಂಡದ ಹೊಣೆ ಆತನ ಕೊರಳಿಗೆ ಬಿದ್ದಿತ್ತು. ಹೈದರಾಬಾದಿಗೆ ಹೈದರಾಬಾದೇ ಕಂಪ್ಯೂಟರಿನ ಜಾವಾ ಭಾಷೆ ಕಲಿಯಲು ಅಮೀರ್‌ಪೇಟೆಯ ಕೋಚಿಂಗ್ ಸೆಂಟರುಗಳಿಗೆ ಓಡುತ್ತಿದ್ದ ವರ್ಷಗಳವು. ಮೈದಾನದಲ್ಲಿ ಕಂಪ್ಯೂಟರ್ ಬ್ಲಾಕ್ ಎಬ್ಬಿಸಲು ಆಡಳಿತ ಮಂಡಳಿ ತುದಿಗಾಲಲ್ಲಿ ನಿಂತಿತ್ತು. ಹೋದ ವರ್ಷದ ಅಂತರಕಾಲೇಜು ಪಂದ್ಯಾವಳಿ ಜಗಳದಲ್ಲಿ ಮುಗಿದಿತ್ತು. ಈ ಸಲ ಒಂದು ದೂರು ಬಂದರೂ ಮೈದಾನ ಹೋಯಿತೆಂದು ಯಮುನಾಬಾಯಿ ಹೇಳಿಬಿಟ್ಟಿದ್ದರು. ಮೈದಾನ ಹೋದರೆ ಅದಕ್ಕೆ ಗೆರೆ ಎಳೆಯುವ ಬಂಡೆಮ್ಮನ ಕೆಲಸವೂ ಹೋಗುತ್ತಿತ್ತು. ಆ ಚಿಂತೆಯಲ್ಲಿ ಪ್ರಾಣೇಶನಿಗೆ ವಾರದಿಂದ ಊಟ ರುಚಿಸಿರಲಿಲ್ಲ.

ಯಾದಗಿರಿ ಕಡೆಯ ಬಂಡೆಮ್ಮ ಗಾರೆ ಕೆಲಸಕ್ಕೆಂದು ನಾಂಪಲ್ಲಿಯಲ್ಲಿ ರೈಲಿಳಿದವಳು. ಹನ್ನೆರಡು ವರ್ಷದಿಂದ ಈ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದಳು. ಗೋಲಿನ ಮುಂದಿನ ಅರ್ಧವೃತ್ತಕ್ಕೆ ಹದಿನಾರು ಗಜ ಅಳತೆ. ಅದರೊಳಗಿಂದ ಹೊಡೆದರಷ್ಟೇ ಗೋಲು. ಹಗ್ಗ ನೆನೆದರೆ ಕುಗ್ಗುತ್ತದೆ, ಸೀರೆ ಮೋಸ ಮಾಡುವುದಿಲ್ಲ ಎಂಬುದು ಆಕೆಯ ನಂಬಿಕೆ. ಈ ಸಲವೂ ಎಂಟು ಗಜದ ಎರಡು ಇಳಕಲ್ ಸೀರೆ ಗಂಟು ಹಾಕಿ, ಒಂದು ತುದಿಯನ್ನು ಗೋಲುಕಂಬದ ಬಳಿ ಪ್ರಾಣೇಶನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಸುಣ್ಣ ಉದುರಿಸುತ್ತ ಸುತ್ತಿಬಂದಿದ್ದಳು.

ಪ್ರಾಣೇಶನ ಹುಡುಗಿಯರು ಆಡುತ್ತಿದ್ದ ಫೈನಲ್ ಒಂದೊಂದು ಗೋಲಿನ ಸಮದಲ್ಲಿತ್ತು. ಇನ್ನೈದು ನಿಮಿಷವಿದ್ದಾಗ ಎದುರಾಳಿ ಹುಡುಗಿ ಹೊಡೆದ ಚೆಂಡು ಗೋಲು ಸೇರಿತು. ಗೆರೆಯ ಹೊರಗಿಂದ ಹೊಡೆದದ್ದೆಂದು ಅಂಪೈರ್ ಗೋಲು ಕೊಡಲಿಲ್ಲ. ಎದುರಾಳಿಗಳ ಕೋಚ್ ಗಿರಿಜಾಬಾಯಿ ಗೆರೆಯೇ ಸುಳ್ಳೆಂದರು. ಟೇಪು ತಂದು ಅಳೆದರೆ ಎರಡೂ ಗೋಲಿನ ಬದಿಗೆ ಒಂದೊಂದು ಮೊಳ ಕಡಿಮೆ. ದೂರು ಬರೆಯಲು ಗಿರಿಜಾಬಾಯಿ ಕಾಗದ ತೆಗೆದರು. ಗಾಬರಿಯಲ್ಲಿ ಪ್ರಾಣೇಶ ತನ್ನ ಪೆನ್ನನ್ನೇ ಕೊಟ್ಟ.

"ಗಂಟು ತಿಂದೈತ್ರಿ ಅಕ್ಕಾರ. ಸೀರಿದೇನೂ ತಪ್ಪಿಲ್ಲ," ಎಂದಳು ಬಂಡೆಮ್ಮ.

"ಗಂಟು ಹಾಕಿದವರು ಯಾರು?" ಎಂದರು ಗಿರಿಜಾಬಾಯಿ.

"ನಾನ್ರಿ. ಹಿಡಕೊಂಡು ನಿಂತವರು ಈ ಸರ್ರು."

ಗೆರೆ ತಿದ್ದಿ ಉಳಿದ ಐದು ನಿಮಿಷ ಆಡಿಸುವುದೆಂದು ಅಂಪೈರ್ ತೀರ್ಪು ಕೊಟ್ಟರು. ಬಂಡೆಮ್ಮ ಗಂಟು ಬಿಚ್ಚಿದಳು. ಕಂಬದ ಬಳಿಯ ತುದಿ ಗಿರಿಜಾಬಾಯಿಯ ಕೈಗೆ ಹೋಯಿತು. ನಡುವೆ, ಗಂಟಿನ ಬದಲಿಗೆ, ಅರ್ಥಶಾಸ್ತ್ರದ ಎಂ.ಎ. ಪ್ರಾಣೇಶ ಎರಡು ಸೆರಗುಗಳನ್ನು ಅಂಚಿಗೆ ಅಂಚು ತಾಗಿಸಿ ಹಿಡಿದು, ಇನ್ನೊಂದು ತುದಿಯ ಬಂಡೆಮ್ಮನ ಜೊತೆ ಅಡ್ಡಡ್ಡ ಹೆಜ್ಜೆ ಹಾಕುತ್ತ ಸುತ್ತಿದ. ಟೇಪು ಹಿಡಿದರೆ ಹದಿನಾರು ಗಜಕ್ಕೆ ನೂಲಿನಷ್ಟೂ ವ್ಯತ್ಯಾಸವಿಲ್ಲ.

ಆ ಐದು ನಿಮಿಷದಲ್ಲಿ ಎದುರಾಳಿಗಳೇ ಗೆದ್ದರು. ಗೆದ್ದ ಮೇಲೆ ಯಾರು ದೂರು ಬರೆಯುತ್ತಾರೆ? ಗಿರಿಜಾಬಾಯಿ ಕಾಗದ ಹರಿದರು. ಮೈದಾನ ಉಳಿಯಿತೆಂದು ಪ್ರಾಣೇಶ ಎದ್ದು ನಿಂತು ಚಪ್ಪಾಳೆ ತಟ್ಟಿದ. ಸೋತ ತನ್ನ ಹುಡುಗಿಯರು ನೋಡಿದ ನೋಟಕ್ಕೆ ಕೈಗಳು ತಾವಾಗಿ ಜೇಬು ಸೇರಿದವು.

ಯಮುನಾಬಾಯಿ ಹತ್ತಿರ ಬಂದರು. "ಈ ವರ್ಷ ಉಳೀತು, ಬಂಡೆಮ್ಮ. ಮುಂದಿನ ವರ್ಷ ಇಲ್ಲಿ ಬಿಲ್ಡಿಂಗ್ ಬಂದ್ರ ಏನ್ ಮಾಡ್ತಿ?"

ಬಂಡೆಮ್ಮ ಸೀರೆಗೆ ಹತ್ತಿದ ಸುಣ್ಣ ಕೊಡವಿದಳು.

"ಪಾಯಾ ತೋಡೂಕಿಂತ ಮೊದ್ಲು ಗೆರಿ ಹಾಕಬೇಕಲ್ರಿ."