ತಂಡದ ಫೈಲನ್ನು ಮುಟ್ಟಲೇ ಇಲ್ಲ

ಕಡಬದ ಹತ್ತಿರದ ಶಾಲೆಯೊಂದರಲ್ಲಿ ನಾನು ಪಿ.ಟಿ. ಮಾಸ್ಟ್ರು. ವಾಲಿಬಾಲ್ ಪಂದ್ಯಗಳ ಅಂಕ ಬರೆದಿಡಲಿಕ್ಕೆಂದು ಹಟ ಹಿಡಿದು ಪ್ರೋಗ್ರಾಮ್ ಬರೆಯಲು ಕಲಿತೆ. ತಂಡ, ಆಟಗಾರರು, ಅಂಕ, ಎಲ್ಲ ಒಂದೇ ಫೈಲಿನಲ್ಲಿ ತುಂಬಿದ್ದೆ. ಕಬಡ್ಡಿಗೂ ಬೇಕೆನಿಸಿದಾಗ ಆ ಫೈಲನ್ನೇ ನಕಲು ಮಾಡಿ ತಿದ್ದಿದೆ. ಆಮೇಲೆ ಒಂದರಲ್ಲಿ ಸರಿಮಾಡಿದ ತಪ್ಪು ಇನ್ನೊಂದರಲ್ಲಿ ಹಾಗೆಯೇ ಉಳಿಯತೊಡಗಿತು.

ನಮ್ಮ ಕಂಪ್ಯೂಟರ್ ಟೀಚರ್ ನೋಡಿ ನಕ್ಕರು. "ಎಂತ ಸರ್, ಕಬಡ್ಡಿ ಆಡ್ಲಿಕ್ಕೆ ವಾಲಿಬಾಲ್ ನೆಟ್ಟನ್ನೂ ಹೊತ್ಕೊಂಡು ಹೋಗ್ತೀರಾ? ತಂಡ, ಆಟಗಾರರ ಕೋಡನ್ನೆಲ್ಲ ಒಂದು 'ಕ್ಲಾಸ್' ಆಗಿ ಕಟ್ಟಿ ಬೇರೆ ಫೈಲಲ್ಲಿ ಇಡಿ. ಯಾವ ಆಟಕ್ಕೂ ಅದೇ ಸಾಕು."

ನನಗೆ ಸಿಟ್ಟು ಬಂತು. ಅವರು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಬಂತು. ಎರಡು ದಿನ ಬಿಡುವಿನ ಪೀರಿಯಡಿನಲ್ಲೆಲ್ಲ ಕೂತು ತಂಡವನ್ನು ಒಂದು ಫೈಲಿಗೆ, ವಾಲಿಬಾಲಿನ ನಿಯಮಗಳನ್ನು ಇನ್ನೊಂದಕ್ಕೆ ಬಿಡಿಸಿ ಇಟ್ಟೆ. ಮೂರನೆಯ ದಿನ ಕಬಡ್ಡಿಯ ನಿಯಮಗಳನ್ನಷ್ಟೇ ಹೊಸ ಫೈಲಿನಲ್ಲಿ ಬರೆದು, ತಂಡದ ಫೈಲನ್ನು ಒಂದಕ್ಷರವೂ ತಿದ್ದದೆ ಅದಕ್ಕೆ ಜೋಡಿಸಿ, ಪ್ರೋಗ್ರಾಮನ್ನು ಓಡಿಸಿದೆ. ರೈಡಿಗೆ ಅಂಕ ಬಂತು! ಹಳೆಯ ತಂಡ ಹೊಸ ಆಟ ಆಡುತ್ತಿತ್ತು!

ಸ್ಟಾಫ್ ರೂಮಿನಲ್ಲಿದ್ದೇನೆ ಎಂಬುದನ್ನೂ ಮರೆತು ಕೊರಳಲ್ಲಿದ್ದ ವಿಸಿಲನ್ನು ಬಾಯಿಗಿಟ್ಟು ಊದಿಬಿಟ್ಟೆ.

ಹೊರಗೆ ಬಂದು ನೋಡಿದರೆ ಪಾಠ ಬಿಟ್ಟು ಬಂದ ಮಕ್ಕಳೆಲ್ಲ ಅಂಗಳದಲ್ಲಿ ಸಾಲಾಗಿ ನಿಂತಿದ್ದಾರೆ. ಹೆಡ್ ಮೇಡಂ ಗಾಬರಿಯಿಂದ ಓಡಿಬಂದರು. "ಎಂತ ಆಯ್ತು ಮಾರಾಯ್ರೆ?"

"ತಂಡದ ಫೈಲನ್ನು ಮುಟ್ಟಲೇ ಇಲ್ಲ ಮೇಡಂ!" ಎಂದೆ.

ಜಗಲಿಯಲ್ಲಿದ್ದ ಕಂಪ್ಯೂಟರ್ ಟೀಚರೊಬ್ಬರೇ ಚಪ್ಪಾಳೆ ತಟ್ಟಿದರು. ಅವರನ್ನು ನೋಡಿ, ಎಂತಕ್ಕೆಂದು ಗೊತ್ತಿಲ್ಲದೆ, ಇಡೀ ಶಾಲೆ ತಟ್ಟಿತು.