ಶ್ರದ್ಧಾಂಜಲಿ ಫ್ಲೆಕ್ಸ್‌ಗೆ ಎರಡು ಸಾಲು

ಹೆಬ್ಬಗೋಡಿಯ ನಮ್ಮ ವಠಾರದ ಅಂಗಳದಲ್ಲಿ ಮನೆ ಮಾಲೀಕರ ಶವ ಮಲಗಿಸಿದ್ದರು. ಅವರ ಹೆಂಡತಿ ಎದ್ದು ಬಂದು ನನ್ನ ಕೈಗೆ ಒಂದು ಹಾಳೆ ಕೊಟ್ಟರು.

"ಫ್ಲೆಕ್ಸ್ ಅಂಗಡಿಯೋನು ಸತ್ತೋರಿಗೆಲ್ಲ ಒಂದೇ ಸಾಲು ಹಾಕ್ತಾನೆ. ನೀನು ಕತೆ ಬರೀತೀಯಲ್ಲವ್ವ, ಇವ್ರಿಗೆ ಅಂತ ಎರಡು ಸಾಲು ಬರ್ಕೊಡು."

ನಾನು ಕತೆ ಬರೆದು ಎರಡು ವರ್ಷವಾಗಿತ್ತು. ಎಷ್ಟು ಹೊತ್ತು ಕೂತರೂ ಒಂದು ಸಾಲೂ ಹುಟ್ಟುತ್ತಿರಲಿಲ್ಲ. ಆ ಹೊತ್ತಿನಲ್ಲಿ ಅದನ್ನು ಹೇಳುವುದು ಹೇಗೆ? ಮೆಟ್ಟಿಲ ಮೇಲೆ ಕೂತು 'ಚಿರಚೇತನ', 'ಅಮರಜ್ಯೋತಿ' ಎಂದೆಲ್ಲ ಬರೆದು ಹೊಡೆದುಹಾಕಿದೆ. ಅಂಗಡಿಯಿಂದ ಎರಡು ಸಲ ಫೋನ್ ಬಂತು. ಕೊನೆಗೆ ಆಕೆಯೇ ಬಂದು ಪಕ್ಕದಲ್ಲಿ ಕೂತರು.

"ಅಷ್ಟೊಂದು ಯಾಕೆ ಹುಡುಕ್ತೀಯ? ದಿನಾ ಬೆಳಿಗ್ಗೆ ಮೋಟ್ರು ಹಾಕಿ, ಬಾಡಿಗೆಯೋರಿಗೆಲ್ಲ ನೀರು ಬಿಟ್ಟು, ಆಮೇಲೆ ತಾವು ಮುಖ ತೊಳೀತಿದ್ರು. ಅಷ್ಟೇ ಬರಿ."

ಹಾಗೆಯೇ ಬರೆದುಕೊಟ್ಟೆ. ಅಂದು ಬೆಳಿಗ್ಗೆ ನಮ್ಮ ಯಾರ ನಲ್ಲಿಯಲ್ಲೂ ನೀರು ಬಂದಿರಲಿಲ್ಲ ಎಂಬುದು ಆಮೇಲೆ ನೆನಪಾಯಿತು.

ಆ ಫ್ಲೆಕ್ಸ್ ಈಗ ರಸ್ತೆ ಬದಿಯ ಎಳನೀರು ಗಾಡಿಗೆ ನೆರಳಾಗಿದೆ. ಫೋಟೊ ಬಿಸಿಲಿಗೆ ಮಾಸಿದೆ. ನಾನು ಮತ್ತೆ ಬರೆಯುತ್ತಿದ್ದೇನೆ, ದಿನಕ್ಕೆ ನಾಲ್ಕೇ ಸಾಲು. ಆರು ವರ್ಷ ಅವರು ಬಿಟ್ಟ ನೀರು ಹಿಡಿದವಳು ನಾನು. ಅದನ್ನು ಬರೆಯಲು ಅವರು ಸಾಯಬೇಕಾಯಿತು.